ಹಳೇ ಅಂಕ ಹೊಡೆದುಹಾಕಿದ ಟೈಲರ್

ಮಗಳಿಗೆ ಕಾಲೇಜಿನಲ್ಲಿ ಸೀಟು ಸಿಗಲಿಲ್ಲವೆಂದು ತಿಳಿದ ದಿನ ಟೈಲರ್ ಅಂಗಡಿ ತೆರೆದನೇ ಹೊರತು ಮಿಷನ್ ತುಳಿಯಲಿಲ್ಲ. ಮಗಳು ಬಟ್ಟೆ ಕತ್ತರಿಸುವ ಮೇಜಿನ ಹಿಂದೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ಬೆಳಗಿನಿಂದ ತೊಟ್ಟು ನೀರೂ ಕುಡಿದಿರಲಿಲ್ಲ.

ಪಕ್ಕದ ಮನೆಯ ಅಕ್ಕ ಹೊಲಿಯಲು ಕೊಟ್ಟ ಕೋಟು ಕೇಳಲು ಬಂದಳು. ಆಕೆ ಇನ್ನೊಂದು ಕಾಲೇಜಿನ ಕಚೇರಿಯಲ್ಲಿ ಗುಮಾಸ್ತೆ.

"ಪ್ರವೇಶ ಪರೀಕ್ಷೇಲಿ ಎಷ್ಟು ಬಂದಿತ್ತಣ್ಣ?"

"ಮೊದಲ್ನೇ ಸಲ ನೂರಕ್ಕೆ ಎಂಬತ್ತೊಂದು ಅಕ್ಕಾ. ಇನ್ನೂ ಚೆನ್ನಾಗಿ ಬರ್ಲಿ ಅಂತ ನಾನೇ ಇನ್ನೊಂದ್ಸಲ ಕೂರಿಸ್ದೆ. ಜ್ವರದಲ್ಲಿ ಬರೆದ್ಲು. ಅರವತ್ತೊಂಬತ್ತಕ್ಕೆ ಇಳೀತು."

"ಅರ್ಜೀಲಿ ಎರಡೂ ಹಾಕಿದ್ರಿ ತಾನೇ?"

"ಎರಡ್ಯಾಕೆ? ಹೊಸ ಅಳತೆ ತಗೊಂಡ್ಮೇಲೆ ಹಳೇದನ್ನ ಹೊಡೆದುಹಾಕ್ತೀವಿ. ಹಳೇ ಅಳತೇಲಿ ಹೊಲಿದ್ರೆ ಗಿರಾಕಿ ಮುಖಕ್ಕೆ ಎಸೀತಾನೆ. ಹೊಸ ಅಂಕ ಒಂದನ್ನೇ ಬರೆಸ್ದೆ."

ಅಕ್ಕ ಕೋಟಿನ ಮಾತೇ ಮರೆತಳು. ಅರ್ಜಿಯ ಜೊತೆ ಬಂದಿದ್ದ ಪುಸ್ತಿಕೆ ಇಸಿದುಕೊಂಡು ಒಂದು ಸಾಲಿನ ಮೇಲೆ ಬೆರಳಿಟ್ಟಳು.

"ಓದಿ ಅಣ್ಣ. ಕಳಿಸಿದ ಅಂಕಗಳಲ್ಲಿ ಹೆಚ್ಚಿನದನ್ನೇ ಹಿಡೀತಾರಂತೆ. ಪಟ್ಟಿ ನೋಡ್ದೆ, ಅಲ್ಲಿ ಕೊನೇ ಸೀಟು ಎಪ್ಪತ್ತಾರಕ್ಕೆ ಹೋಗಿದೆ."

"ಬರೆಯೋಕೇನು, ಬರೀತಾರೆ. ಕಡಿಮೆ ಅಂಕ ಕಣ್ಣಿಗೆ ಬಿದ್ಮೇಲೆ ಸುಮ್ನಿರ್ತಾರಾ?"

"ಅವರೇ ಅಚ್ಚು ಹಾಕ್ಸಿದ ನಿಯಮ ಅಣ್ಣ, ಅವರೇ ಮೀರ್ತಾರಾ? ಆದ್ರೆ ಎಲ್ಲಾ ಕಡೆ ಹೀಗೇ ಇರಲ್ಲ. ನಮ್ಮಲ್ಲಿ ಸರಾಸರಿ ತಗೋತೀವಿ. ಕೆಲವು ಕಡೆ ಕೊನೇ ಪರೀಕ್ಷೇದೇ ಲೆಕ್ಕ. ಕೆಲವರು ಒಂದೊಂದು ವಿಷಯಕ್ಕೂ ಯಾವಾಗ ಹೆಚ್ಚು ಬಂತೋ ಅದನ್ನ ಆರಿಸಿ ಕೂಡಿಸ್ತಾರೆ. ಬರೆದಿದ್ದೆಲ್ಲಾ ತೋರಿಸ್ಲೇಬೇಕು ಅನ್ನೋರೂ ಇದ್ದಾರೆ. ಅಂಥ ಕಡೆ ಮುಚ್ಚಿಟ್ರೆ ಅರ್ಜೀನೇ ವಾಪಸ್."

"ಈಗ ತಿದ್ದಿಸೋಕಾಗಲ್ವಾ?"

"ಕೊನೇ ದಿನ ಮುಗಿದು ಮೂರು ವಾರ ಆಯ್ತು."

"ನಿಮ್ಮ ಕಾಲೇಜಲ್ಲಿ?"

"ಸರಾಸರಿ ಎಪ್ಪತ್ತೈದಾಗುತ್ತೆ. ನಮ್ಮಲ್ಲಿ ಎಪ್ಪತ್ತೆಂಟಕ್ಕೇ ಭರ್ತಿ ಆಗೋಯ್ತು ಅಣ್ಣ."

ಟೈಲರ್ ಪುಸ್ತಿಕೆಯ ಆ ಸಾಲನ್ನು ಮತ್ತೊಮ್ಮೆ ಓದಿದ. ಅಕ್ಕ ಹೇಳಿದ್ದು ತಲೆಗೆ ಹೋಗಿತ್ತು, ಹೋಗಿ ಏನು ಬಂತು? ಮೇಜಿನ ಹಿಂದಿನಿಂದ ಮಗಳು ಎದ್ದು ಬಂದಳು.

"ಅಪ್ಪಾ, ಹಾಗಾದ್ರೆ ಎರಡೂ ಹಾಕಿದ್ರೆ ನಂಗೆ ಸೀಟು ಸಿಗ್ತಿತ್ತಾ?"

ಅವನು ಪುಸ್ತಿಕೆಯನ್ನು ಮಗಳ ಕೈಗಿಟ್ಟ.

ಅಪ್ಪ ಅಮ್ಮಂದಿರೇ, ಅರ್ಜಿ ತುಂಬುವ ಮುಂಚೆ ಪ್ರತಿ ಕಾಲೇಜಿನ ನಿಯಮವನ್ನೂ ಓದಿ. ಓದಲು ಬಾರದಿದ್ದರೆ ಯಾರಿಂದಲಾದರೂ ಓದಿಸಿ. ಎರಡು ಸಲ ಬರೆದರೆ ಯಾವ ಅಂಕ ಹಿಡಿಯುತ್ತೀರಿ, ಎಲ್ಲವನ್ನೂ ತೋರಿಸಬೇಕೇ ಎಂದು ಕಚೇರಿಗೇ ಫೋನ್ ಮಾಡಿ ಕೇಳಿ. ಕೇಳಲು ನಾಚಿಕೆ ಬೇಡ. ಮಕ್ಕಳು ಹೇಳುವುದನ್ನೂ ಕಿವಿಗೆ ಹಾಕಿಕೊಳ್ಳಿ. "ಅಪ್ಪಾ, ಎರಡೂ ಹಾಕೋಣ" ಎಂದು ಈ ಹುಡುಗಿ ಹೇಳಿದ್ದಳು. "ನಿನಗೇನು ಗೊತ್ತು, ಸುಮ್ನಿರು" ಎಂದು ಅಪ್ಪ ಗದರಿದ್ದ. ಆಗ ಅರ್ಜಿ ಕಳಿಸಲು ಇನ್ನೂ ಎರಡು ದಿನ ಉಳಿದಿತ್ತು.