ಇಪ್ಪತ್ತೇಳನೆಯ ನಂಬರಿನ ಬಾಗಿಲು

ತುಳಸಿದಾಸ ತನ್ನ ಕಾರಿನ ಸುತ್ತ ಮೂರು ಸಲ ತಿರುಗಿದ. ಮೂರನೆಯ ಸಲ ಕನ್ನಡಕ ತೆಗೆದು, ಮುಂದಿನ ಬಾಗಿಲಿಗೆ ಮೂಗು ತಾಗುವಷ್ಟು ಬಗ್ಗಿದ. ಆಮೇಲೆ ನನ್ನ ಮುಖ ನೋಡಿದ. ಕಳ್ಳನನ್ನು ನೋಡುವ ಆ ನೋಟ ನನಗೆ ಗೊತ್ತು. ಬೆಳಂಬಾರದ ಶಾಲೆಯಲ್ಲಿ ಸೈಕಲ್ ಪಂಪು ಕಳೆದ ದಿನ ಮಾಸ್ತರರು ಹಾಗೇ ನೋಡಿದ್ದರು. ಪಂಪು ನಾನು ಮುಟ್ಟಿರಲಿಲ್ಲ. ಮರುದಿನದಿಂದ ಶಾಲೆಯನ್ನೂ ಮುಟ್ಟಲಿಲ್ಲ.

"ಹೇ ತಮಾ, ಇದು ಒಂದು ಕಾರಾ, ಎರಡು ಕಾರಾ?"

"ಎಂತಾ ಆಯ್ತು?"

"ಮುಂದೊಂದು ಬಣ್ಣ, ಹಿಂದೊಂದು ಬಣ್ಣ. ಪೊರೆ ಬಂದದ್ದು ನನ್ನ ಕಣ್ಣಿಗಾ, ನಿನ್ನ ಕಣ್ಣಿಗಾ?"

ಅವನು ಕಾರವಾರದ ಹಬ್ಬುವಾಡದವನು, ಸರ್ಕಾರಿ ನೌಕರ. ಸೊಂಟಕ್ಕೆ ಚೀಲ ಕಟ್ಟಿ ಮೊಬೈಲು ಇಟ್ಟುಕೊಳ್ಳುವ ಜಾತಿ. ಎರಡು ವರ್ಷದ ಹಿಂದೆ ಯಾರಿಂದಲೋ ಕೊಂಡ ಬೆಳ್ಳಿ ಬಣ್ಣದ ಕಾರು. ಹೋದ ವಾರ ಅವರ್ಸಾದ ಹತ್ತಿರ ಟೆಂಪೊ ತಾಗಿ, ಎಡಗಡೆ ಮುಂದಿನ ಚಕ್ರದ ಮೇಲಿನ ಮಡ್‌ಗಾರ್ಡು ಒಳಗೆ ಹೋಗಿತ್ತು. ಅಂಕೋಲೆಯಲ್ಲಿ ಹೆದ್ದಾರಿ ಬದಿಗಿರುವ ನಮ್ಮ ಗ್ಯಾರೇಜಿಗೆ ತಂದಿದ್ದ. ಮಾದು ತಗಡು ಬಡಿದು ಸಮ ಮಾಡಿದ್ದ. ಬಣ್ಣ ನನ್ನದು.

ಮೆಟಾಲಿಕ್ ಬಣ್ಣದಲ್ಲಿ ಡಬ್ಬಿಯ ಮೇಲಿನ ನಂಬರನ್ನು ನಂಬಿದವನು ಕೆಟ್ಟ. ಬಿಸಿಲು, ಉಪ್ಪುಗಾಳಿ ತಿಂದ ಕಾರಿನ ಬಣ್ಣ ಡಬ್ಬಿಯದಕ್ಕಿಂತ ಬೇರೆಯೇ ಆಗಿರುತ್ತದೆ. ಅದಕ್ಕೇ ಪಕ್ಕದ ತಗಡು ನೋಡಿ, ಅದಕ್ಕೆ ಹೊಂದುವಂತೆ ಬಣ್ಣ ಕೂಡಿಸುವುದು. ನಾನೂ ಪಕ್ಕದ ಬಾಗಿಲನ್ನೇ ನೋಡಿದ್ದೆ. ರಟ್ಟಿನ ಚೂರಿಗೆ ಹೊಡೆದು, ಒಣಗಿಸಿ, ಬಾಗಿಲಿಗೆ ಹಿಡಿದು, ಹನಿ ಹನಿ ಕಪ್ಪು ಸೇರಿಸಿ, ಆರನೆಯ ಚೂರಿಗೆ ಕೂಡಿಸಿದ್ದೆ. ಕಾರಿನ ಉಳಿದ ಮೈಗೆಲ್ಲ ಹಳೇ ಪೇಪರು ಅಂಟಿಸಿತ್ತು. ಶೆಡ್ಡಿನೊಳಗೆ ಮಡ್‌ಗಾರ್ಡಿಗೂ ಬಾಗಿಲಿಗೂ ಕೂದಲೆಳೆಯಷ್ಟು ವ್ಯತ್ಯಾಸವಿರಲಿಲ್ಲ.

ಪೇಪರು ಕಿತ್ತು ಬಿಸಿಲಿಗೆ ತಂದಾಗ ಆಟ ಬೇರೆಯಾಯಿತು. ಎದುರು ನಿಂತರೆ ಎಲ್ಲ ಒಂದೇ. ಓರೆಯಲ್ಲಿ ನಿಂತರೆ ಮಡ್‌ಗಾರ್ಡು, ಮುಂದಿನ ಬಾಗಿಲು ಎರಡೂ ಮೋಡ ಕವಿದಂತೆ ಕಪ್ಪು. ಬಾನೆಟ್ಟು, ಹಿಂದಿನ ಬಾಗಿಲು ಬೆಳ್ಳಗೆ ಹೊಳೆಯುತ್ತಿದ್ದವು.

"ಒಳ್ಳೇ ಡಬ್ಬಿ ಆಚೆ ಮಾರಿ, ತಳದಲ್ಲಿ ಉಳಿದದ್ದು ನಂಗೆ ಬಳಿದ್ಯಾ ಹೇಗೆ?" ಅಂದ ತುಳಸಿದಾಸ.

ಕೈಯಲ್ಲಿದ್ದ ಥಿನ್ನರ್ ಬಟ್ಟೆಯನ್ನು ಅವನ ಮುಖಕ್ಕೆ ಒಗೆಯಬೇಕೆನಿಸಿತು. ಅಷ್ಟರಲ್ಲಿ ರಾಮನಾಥ ಮೇಸ್ತ್ರಿ ಎದ್ದು ಬಂದರು. ಗ್ಯಾರೇಜು ಅವರದು. ಓರೆಯಲ್ಲಿ ನಿಂತು ಒಂದೇ ಸಲ ನೋಡಿದರು.

"ಬೊಮ್ಮು, ಕೂಡ್ಲಿಲ್ಲ."

"ಬಾಗಿಲಿಗೆ ಕೂಡ್ಯದೆ ಮೇಸ್ತ್ರಿ, ನೋಡಿ ಬೇಕಾರೆ."

"ಗಿರಾಕಿ ಬಾಗಿಲು ಒಂದೇ ತಕಂಡು ಹೋಗ್ತನಾ? ಎಂತಕ್ಕೆ ಕೂಡ್ಲಿಲ್ಲ ಹೇಳಿ ಸಂಜೆಯೊಳಗೆ ನಂಗೆ ಹೇಳು. ಇಲ್ಲಾಂದ್ರೆ ನಾಳೆಯಿಂದ ಗನ್ನು ಸಂಕೇತಂದು. ನೀ ಪೇಪರು ತಿಕ್ಕು."

ಐದು ವರ್ಷ ನೀರುಪೇಪರಿನಿಂದ ತಗಡು ತಿಕ್ಕಿ ಬೆರಳ ತುದಿಯ ಚರ್ಮ ಕಳೆದುಕೊಂಡ ಮೇಲೆ ನನ್ನ ಕೈಗೆ ಬಂದದ್ದು ಬಣ್ಣ ಹೊಡೆಯುವ ಆ ಗನ್ನು. ಸಂಕೇತ ಮೇಸ್ತ್ರಿಯ ಅಕ್ಕನ ಮಗ. ಆಚೆ ಕೂತು ತೊಳೆದ ಡಬ್ಬಿಯನ್ನೇ ಮತ್ತೆ ತೊಳೆಯುತ್ತಿದ್ದ, ಕಿವಿ ಮಾತ್ರ ಇತ್ತ.

ನನಗೆ ಆಗಲೇ ಎಲ್ಲ ಅರ್ಥವಾಯಿತು ಅನ್ನಿಸಿತು. ನಾನು ಊಟಕ್ಕೆ ಹೋದಾಗ ಇವನೇ ಬಣ್ಣಕ್ಕೆ ಏನೋ ಸುರಿದಿದ್ದಾನೆ. ಉಳಿದ ಬಣ್ಣವನ್ನು ಮೂಸಿದೆ, ಬೆರಳಿಗೆ ಹಚ್ಚಿ ತಿಕ್ಕಿದೆ. ಸರಿಯಿತ್ತು. ಹಾಗಾದರೆ ಮಾದು? ಸಂಕೇತನ ಜೊತೆ ಬೆಳಿಗ್ಗೆ ಚಾ ಕುಡಿದು ನಗುತ್ತಿದ್ದನಲ್ಲ. ಮೇಸ್ತ್ರಿಗೂ ಗೊತ್ತಿರಬೇಕು. ಮಾವ, ಅಳಿಯ ಕೂಡಿ ನನ್ನನ್ನು ಕೆಳಗಿಳಿಸುವ ಉಪಾಯ ಇದು.

"ನಗು ಬರ್ತದ್ಯೇನಾ?" ಅಂದೆ ಸಂಕೇತನಿಗೆ.

"ನಾ ಎಲ್ಲಿ ನಗಾಡ್ದೆ ಮಾರಾಯಾ? ನಿಂಗೆ ಮಳ್ಳು."

ಇನ್ನು ಉಳಿದದ್ದು ಬಾಗಿಲು. ಗೋಡೆಯ ಮೊಳೆಗೆ ಹಳೇ ಸ್ಪೀಕರಿನ ಆಯಸ್ಕಾಂತ ನೇತು ಹಾಕಿತ್ತು. ಪೆಟ್ಟು ತಿಂದ ಜಾಗಕ್ಕೆ ಪುಟ್ಟಿ ತುಂಬಿದ್ದರೆ ಅಲ್ಲಿ ಅದು ಹಿಡಿಯುವುದಿಲ್ಲ. ಬಟ್ಟೆ ಸುತ್ತಿ ಹಿಂದಿನ ಬಾಗಿಲಿಗೆ ಇಟ್ಟೆ, ಟಪ್ ಅಂತ ಕಚ್ಚಿತು. ಮುಂದಿನ ಬಾಗಿಲಿನ ಕೆಳಭಾಗಕ್ಕೆ ಇಟ್ಟೆ. ಜಾರಿ ಧೊಪ್ಪೆಂದು ನೆಲಕ್ಕೆ ಬಿತ್ತು.

"ಪುಟ್ಟಿ!" ಹೆದ್ದಾರಿಯವರೆಗೆ ಕೇಳುವ ಹಾಗೆ ಕೂಗಿದೆ. "ಈ ಬಾಗಿಲು ಮೊದಲೇ ಪೆಟ್ಟು ತಿಂದು ಬಣ್ಣ ಹೊಡಸ್ಕಂಡದ್ದು! ನಾ ಸುಳ್ಳು ಬಣ್ಣಕ್ಕೆ ಖರೆ ಬಣ್ಣ ಕೂಡಿಸ್ದೆ. ಯಾರು ಮೋಸ ಮಾಡಿದ್ದು ಈಗ ಹೇಳಿ!"

ತುಳಸಿದಾಸ ಆಯಸ್ಕಾಂತ ಹೆಕ್ಕಿ ಬಟ್ಟೆ ಬಿಚ್ಚಿ ನೋಡಿದ. "ಇದಕ್ಕೆ ಎಣ್ಣೆ ಗಿಣ್ಣೆ ಹಚ್ಚಿದ್ಯಾ?"

"ನಿಮ್ಮ ಕೈಯಾರೆ ಇಟ್ಟು ನೋಡಿ!"

ಇಟ್ಟ. ಅವನ ಕಾಲ ಮೇಲೇ ಬಿತ್ತು.

"ಒಂದು ಗೀರೂ ಬಿದ್ದದ್ದಲ್ಲ ಹೇಳಿ ಮಾರಿದವರು ಆಣೆ ಹಾಕಿ ಕೊಟ್ಟಿದ್ರು," ಅಂದ, ಕಾಲು ತಿಕ್ಕುತ್ತ. "ಇಷ್ಟು ದಿನ ನಂಗೆ ಕಾಣ್ಲಿಲ್ಲ ಅಲ್ಲ?"

"ಒಂದೇ ಬಾಗಿಲು ಇದ್ದಾಗ ಕಣ್ಣಿಗೆ ಹೊಡೀಲಿಲ್ಲ. ಈಗ ಮಡ್‌ಗಾರ್ಡು ಜೋಡಿ ಆಯ್ತು."

"ಯಾರು ಮಾಡಿದ್ದು ಈ ಕೆಲಸ?"

"ಕಾರವಾರದ ಪೇಂಟರ್ ನಿತೇಶಂದೇ ಇರ್ಬೇಕು," ಅಂದೆ. ನಿತೇಶನ ಕೆಲಸವನ್ನು ನಾನು ಕಂಡದ್ದು ಎರಡೋ ಮೂರೋ ಸಲ. ಆದರೆ ಬಾಯಿ ಬಿಸಿಯಾಗಿತ್ತು. "ಅವನಿಗೆ ಕೈ ಅದೆ, ಕಣ್ಣಿಲ್ಲ. ಎಂತಾ ಹಲ್ಕಟ್ ಕೆಲಸ ನೋಡಿ, ಬಾಗಿಲು ಮಲಗಿಸಿ ಹೊಡೆದಿದ್ದಾನೆ. ಮಲಗಿಸಿ ಹೊಡೆದ್ರೆ ಬೆಳ್ಳಿಪುಡಿ ತಳಕ್ಕೆ ಕೂರ್ತದೆ, ಓರೆಯಿಂದ ಕಪ್ಪು ಕಾಣ್ತದೆ. ಗನ್ನು ಹಿಡಿಯೂಕೆ ಬಾರದವನು!"

ಮೇಸ್ತ್ರಿ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದರು. ತಲೆ ಎತ್ತಲಿಲ್ಲ.

"ಕೆಳಗಿನ ರಬ್ಬರು ಕಿತ್ತು ನೋಡು," ಅಂದರು.

ಬಾಗಿಲು ತೆರೆದು ಮೊಣಕಾಲೂರಿದೆ. ಅಂಚಿನ ರಬ್ಬರಿನ ಸಂದಿಗೆ ಸ್ಕ್ರೂಡ್ರೈವರ್ ಹಾಕಿ ಎಳೆದೆ. ಒಂದು ಗೇಣು ಬಿಚ್ಚಿಕೊಂಡಿತು. ಒಳಗೆ ಬೂದು ಪ್ರೈಮರಿನಲ್ಲಿ ಮೊಳೆಯಿಂದ ಗೀಚಿದ ಎರಡು ಅಂಕಿ: ೨೭.

ಶಾಲೆಯ ಹಾಜರಿಯಲ್ಲಿ ನನ್ನ ನಂಬರು ಇಪ್ಪತ್ತೇಳು. ಗ್ಯಾರೇಜಿಗೆ ಸೇರಿದ ಹೊಸದರಲ್ಲಿ ನಾನು ತಿಕ್ಕಿದ ಪ್ರತಿ ತಗಡಿನಲ್ಲೂ, ಯಾರಿಗೂ ಕಾಣದ ಕಡೆ, ಅದನ್ನು ಗೀಚುತ್ತಿದ್ದೆ.

ನೆನಪಾಯಿತು. ನಾಲ್ಕು ವರ್ಷದ ಹಿಂದೆ ಕಾರವಾರದಿಂದ ಟೆಂಪೊದಲ್ಲಿ ಒಂದು ಬಾಗಿಲು ಮಾತ್ರ ಬಂದಿತ್ತು. ಬಣ್ಣ ಕೂಡಿಸಲು ಜೊತೆಗೆ ಪೆಟ್ರೋಲ್ ಟಾಂಕಿಯ ಮುಚ್ಚಳ. ಕಾರನ್ನು ನಾನು ಕಂಡೇ ಇರಲಿಲ್ಲ. ಗನ್ನು ಆಗ ಮೇಸ್ತ್ರಿಯ ಕೈಯಲ್ಲೇ. ಆ ದಿನ ಅವರಿಗೆ ಜ್ವರ. "ಹೊಡಿ, ಒಂದೇ ಬಾಗಿಲು ಅಲ್ಲಾ," ಅಂದಿದ್ದರು. ಎರಡು ಡ್ರಮ್ಮಿನ ಮೇಲೆ ಬಾಗಿಲು ಮಲಗಿಸಿ ಹೊಡೆದಿದ್ದೆ. ನನ್ನ ಮೊದಲ ಮೆಟಾಲಿಕ್. ಮುಚ್ಚಳ ಮೇಲಿಟ್ಟು ಎದುರಿಂದ ನೋಡಿದ್ದೆ, ಕೂಡಿತ್ತು. ಓರೆಯಲ್ಲಿ ನಿಂತು ನೋಡಬೇಕೆಂದು ಆಗ ಗೊತ್ತಿರಲಿಲ್ಲ.

ಮೇಸ್ತ್ರಿ ಬಳಿಗೆ ಬಂದು ಬಗ್ಗಿದರು. ಅವರಿಗಷ್ಟೇ ಕೇಳುವಂತೆ ಕೇಳಿದೆ, "ನಿಮ್ಗೆ ಯಾವಾಗ ಗೊತ್ತಾಯ್ತು?"

"ಗಾಡಿ ಬಂದ ದಿನವೇ."

"ಹೇಳೂಕೆ ಎಂತಾ ಆಗಿತ್ತು?"

"ಗಾಡಿಗೆ ಒಂದು ಸುತ್ತು ಬಂದು ನೋಡಿದ್ಯಾ ನೀನು? ಬಂದವನೇ ಪೇಪರು ಅಂಟಿಸ್ದೆ."

ಸಿಟ್ಟು ಬಂತು. ಅವರ ಮೇಲೋ, ಆ ಎರಡು ಅಂಕಿಯ ಮೇಲೋ ತಿಳಿಯಲಿಲ್ಲ. ಹಿಂದಿನಿಂದ ತುಳಸಿದಾಸ ಕುತ್ತಿಗೆ ಚಾಚಿದ. "ಎಂತಾ ಅದೆ ಅಲ್ಲಿ? ನಿತೇಶನ ಹೆಸರು ಅದ್ಯಾ? ಈಗ್ಲೇ ಹೋಗಿ ಕೇಳ್ತೆ."

ರಬ್ಬರನ್ನು ಹೆಬ್ಬೆರಳಿನಿಂದ ಒತ್ತಿದರೆ ಸಾಕಿತ್ತು, ಕೂತುಬಿಡುತ್ತಿತ್ತು. ನಿತೇಶ ಮೂವತ್ತು ಕಿಲೋಮೀಟರು ಆಚೆ. ಸಂಕೇತ ಡಬ್ಬಿ ಕೆಳಗಿಟ್ಟು ನನ್ನ ಕೈಯನ್ನೇ ನೋಡುತ್ತಿದ್ದ.

"ನಂದೇ," ಅಂದೆ. "ಈ ಬಾಗಿಲು ಹೊಡೆದದ್ದು ನಾನೇ."

ತುಳಸಿದಾಸ ನನ್ನನ್ನೂ ಮೇಸ್ತ್ರಿಯನ್ನೂ ಬದಲಿಸಿ ಬದಲಿಸಿ ನೋಡಿದ. "ಯಾರನ್ನ ಉಳಿಸೂಕೆ ಹೀಗೆ ಹೇಳ್ತೆ? ಈಗಷ್ಟೇ ನಿತೇಶ ಅಂದೆ. ನನ್ನ ಮಳ್ಳ ಮಾಡ್ತ್ಯಾ?"

"ಖರೇನೇ ಹೇಳ್ತೆ. ಈ ಇಪ್ಪತ್ತೇಳು ನಾನೇ ಗೀಚಿದ್ದು."

"ಹಂಗಾರೆ ಬರೆದು ತೋರಿಸು."

ನಿಜ ಹೇಳಿದರೂ ಸಾಕ್ಷಿ ಬೇಕು ಇವನಿಗೆ. ಮೊಳೆ ಹೆಕ್ಕಿ ರಟ್ಟಿನ ಚೂರಿನ ಮೇಲೆ ಇಪ್ಪತ್ತೇಳು ಗೀಚಿದೆ. ಅವನು ಅದನ್ನು ಬಾಗಿಲಿನ ಅಂಚಿಗೆ ಹಿಡಿದ, ನಾನು ಬಣ್ಣ ಕೂಡಿಸುವಾಗ ಹಿಡಿಯುವ ಹಾಗೇ. ಎರಡೂ ಕಡೆ ೨ಕ್ಕಿಂತ ೭ ದೊಡ್ಡದು, ಎರಡೂ ಅಂಕಿ ಬಲಕ್ಕೆ ವಾಲಿದ್ದವು.

"ಕೂಡ್ಯದೆ," ಅಂದ.

ಮೇಸ್ತ್ರಿ ಎಲೆ ಉಗಿದು ಬಂದರು. "ಎಂತಕ್ಕೆ ಕೂಡ್ಲಿಲ್ಲ ಹೇಳಿ ಕೇಳಿದ್ದೆ, ನೀ ಹೇಳ್ದೆ. ಗನ್ನು ತೊಳೆ. ಬಾಗಿಲೂ ಮಡ್‌ಗಾರ್ಡೂ ಎರಡೂ ಮತ್ತೆ. ಬಾಗಿಲು ಗಾಡಿ ಮೇಲೇ ಇರ್ಲಿ, ಮಲಗಿಸ್ಬೇಡ."

ಕಾರಿನ ಮೂಲ ಬಣ್ಣಕ್ಕೆ ಕೂಡಿಸಲು ಪೆಟ್ರೋಲ್ ಮುಚ್ಚಳ ಬಿಚ್ಚಿ ಕೊಡಿ ಅಂದೆ. ತುಳಸಿದಾಸ ತಾನೇ ನಿಂತು ಬಿಚ್ಚಿಸಿದ, ಆದರೆ ನನ್ನ ಕೈಗೆ ಕೊಡಲಿಲ್ಲ. "ಇದು ನನ್ನ ಹತ್ರವೇ ಇರ್ಲಿ. ನೀ ಹೊಡಿ, ನಾ ಹಿಡಿತೆ."

ಮೊದಲ ಚೂರು ಒಣಗಿತು. ಬಿಸಿಲಿಗೆ ತಂದು ಅವನ ಕೈಯ ಮುಚ್ಚಳದ ಪಕ್ಕ ಹಿಡಿದೆ. ಅವನು ಎದುರಿಂದ ನೋಡಿದ. ಆಮೇಲೆ, ಯಾರೂ ಹೇಳದೆಯೇ, ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಓರೆಯಲ್ಲಿ ನಿಂತ.

"ಕಪ್ಪು ಹೆಚ್ಚಾಯ್ತು," ಅಂದ.

ಹೆಚ್ಚಾಗಿತ್ತು. ಹಲ್ಲು ಕಚ್ಚಿಕೊಂಡು ಎರಡನೆಯ ಚೂರು ಎತ್ತಿಕೊಂಡೆ.