ಒಂಟಿ ದಾರದ ಹಿಡಿಕೆ

ಗಡಹಿಂಗ್ಲಜದ ಪೇಟೆ ಹಿಂದಿನ ಓಣಿಯಲ್ಲಿ ಮಾಣಿಕಬಾಯಿ ಹೊಲಿದ ಕಾಯಿಪಲ್ಲೆಯ ಚೀಲ ಇಲ್ಲದ ಮನೆ ಇರಲಿಲ್ಲ. ಮಾಣಿಕಬಾಯಿಯ ಮನೆಗೆ ಬಂದು ಕೂರುವವರು ಮಾತ್ರ ಇರಲಿಲ್ಲ.

ಯುದ್ಧದ ಕಾಲ. ಬಟ್ಟೆಗೆ ಕಂಟ್ರೋಲು ಬಂದು, ಒಂದು ಧೋತರಕ್ಕಾಗಿ ದೊಡ್ಡ ದೊಡ್ಡ ಗಂಡಸರು ಪಾಳಿ ಹಚ್ಚಿ ನಿಲ್ಲುತ್ತಿದ್ದರು. ಮಗ್ಗದಲ್ಲಿ ಬಟ್ಟೆಯ ಥಾನು ಕೊಯ್ದ ಮೇಲೆ ಉಳಿಯುವ ಮೊಳದುದ್ದದ ತುಂಡುಗಳನ್ನು ಯಾರೂ ಕೇಳುತ್ತಿರಲಿಲ್ಲ. ಇಚಲಕರಂಜಿ ಹತ್ತಿರದ ಕಬನೂರಿನಲ್ಲಿ ನಾಲ್ಕು ಮಗ್ಗ ಇಟ್ಟುಕೊಂಡಿದ್ದ ಅವಳ ಅಣ್ಣನ ಮಗ ಪಾರೀಸ, ತಿಂಗಳಿಗೊಂದು ಗಂಟನ್ನು ಮೋಟರಿನ ಮೇಲೆ ಹಾಕಿ ಕಳಿಸುತ್ತಿದ್ದ. ಗಂಟು ತಪ್ಪದೆ ಬರುತ್ತಿತ್ತು. ಪಾರೀಸ ಬಂದುಹೋಗಿ ನಾಲ್ಕು ವರ್ಷವಾಗಿತ್ತು.

ಅವಳ ಚೀಲದ ಹೆಸರು ದೊಡ್ಡದು. ದಪ್ಪ ನೇಯ್ಗೆಯದು ಬದನೆ, ಕುಂಬಳಕ್ಕೆ, ತೆಳುವಿನದು ಸೊಪ್ಪಿಗೆ. ತೆಳುವಿನದನ್ನು ನೀರಲ್ಲಿ ಅದ್ದಿ, ಹಿಂಡಿ, ಮೆಂತ್ಯೆ ತುಂಬಿ ನೀರಿನ ಕೊಡದ ಮಗ್ಗುಲಿಗೆ ತೂಗುಹಾಕಿದರೆ ಮೂರು ದಿನ ಎಲೆ ಬಾಡುತ್ತಿರಲಿಲ್ಲ. ಮಳೆಗಾಲದ ನಾಲ್ಕು ತಿಂಗಳು ಅವಳಂಥ ಜೈನರಿಗೆ ಸೊಪ್ಪು ವರ್ಜ್ಯ. ಆಗಲೂ ಅವಳು ಸೊಪ್ಪಿನ ಚೀಲವನ್ನೇ ಹೊಲಿಯುತ್ತಿದ್ದಳು. ಉಣ್ಣುವವರು ಬೇರೆ ಇದ್ದರಲ್ಲ.

ಹೊತ್ತು ಮುಳುಗುವುದರೊಳಗೆ ಉಣ್ಣಬೇಕು. ಎಂಟು ಜನರ ಪಂಕ್ತಿಯಿದ್ದಾಗ ಅದು ನೇಮವಾಗಿತ್ತು. ಗಂಡ ತೀರಿ, ಮೈದುನರು ಬೇರೆಯಾಗಿ ಹೋದ ಮೇಲೆ, ಓಣಿಯ ಉಳಿದ ಮನೆಗಳಲ್ಲಿ ಒಲೆ ಹೊತ್ತುವ ಮೊದಲೇ ಇವಳು ತಾಟು ತೊಳೆದು ಕೂತಿರುತ್ತಿದ್ದಳು. ಸಂಜೆಗೆ ಆಮೇಲೆ ಕೊನೆಯೇ ಇರುತ್ತಿರಲಿಲ್ಲ.

ಹಿಡಿಕೆಯ ಕತೆ ಶುರುವಾದದ್ದು ದಾರದ ಅಭಾವದಿಂದ. ಒಮ್ಮೆ ದಾರ ಸಾಲದೆ, ಜೋಡಿ ಹೊಲಿಗೆ ಹಾಕುವಲ್ಲಿ ಒಂಟಿ ದಾರದ ಹೊಲಿಗೆ ಹಾಕಿ ಒಂದು ಚೀಲ ಮಾರಿದಳು. ತಿಂಗಳೊಳಗೆ ಬೆಲ್ಲದ ಅಡತಿ ವ್ಯಾಪಾರಿ ಪರಪ್ಪನ ಹೆಂಡತಿ ಕಲ್ಲವ್ವ ಅದನ್ನು ಹಿಡಿದು ಬಂದಳು.

“ಏನ್ರೀ ಅಕ್ಕಾರ, ನಿಮ್ಮ ಚೀಲ ನನ್ನ ಮಾನಾ ಕಳೀತು! ನಡುಪ್ಯಾಟ್ಯಾಗ ಹಿಡಿಕಿ ಹರದು ಬದನೀಕಾಯಿ ಎಲ್ಲಾ ಉಳ್ಳಿ ಮಾಮಲೇದಾರರ ಕಾಲಾಗ ಹ್ವಾದೂವು.”

“ಮಾಮಲೇದಾರರು ಬಗ್ಗಿ ಆರಿಸಿಕೊಟ್ರೇನು?”

“ಕೊಟ್ರಲ್ರೀ, ಒಂದ. ಹುಳಾ ಬಿದ್ದದ್ದನ್ನ ಹುಡಿಕಿ ಕೊಟ್ರು.”

ಇಬ್ಬರೂ ನಕ್ಕರು. ಲಿಂಗಾಯತರ ಮನೆಯ ಚೀಲ, ಒಳಗೆ ಉಳ್ಳಾಗಡ್ಡಿಯ ಸಿಪ್ಪೆ, ಮನೆಯೊಳಗೆ ಒಯ್ಯುವಂತಿರಲಿಲ್ಲ. ಮಾಣಿಕಬಾಯಿ ಕಟ್ಟೆಯ ಮೇಲೆ ಚಾಪೆ ಹಾಸಿ, ಚೀಲವನ್ನು ತಿರುವಿ ಜಾಡಿಸಿ, ಅಲ್ಲೇ ಕೂತು ಹೊಲಿದಳು. ಹೊಲಿಯುವ ತನಕ ಕಲ್ಲವ್ವ ಕೂತಳು. ಅರ್ಧ ತಾಸು ಓಣಿಯ ಸುದ್ದಿಯೆಲ್ಲ ಆ ಕಟ್ಟೆಯ ಮೇಲೆ ಬಂದು ಬಿತ್ತು.

ಮುಂದೆ ದಾರ ಬಂತು. ಜೋಡಿ ಹೊಲಿಗೆ ಎಲ್ಲರಿಗೂ ಬರಲಿಲ್ಲ. ಊರಿನ ಉಳಿದವರ ಚೀಲಗಳಿಗೆ ಜೋಡಿ, ಕಲ್ಲವ್ವನ ಚೀಲಕ್ಕೆ ಒಂಟಿ. ನಾಲ್ಕು ವಾರಕ್ಕೆ ಅದು ಹರಿಯುತ್ತಿತ್ತು, ಪಂಚಾಂಗ ನೋಡಿದ ಹಾಗೆ. ಹೊಲಿದದ್ದಕ್ಕೆ ಮಾಣಿಕಬಾಯಿ ಒಂದು ಕಾಸೂ ಮುಟ್ಟುತ್ತಿರಲಿಲ್ಲ. ಹುಟ್ಟಿದಾಗಿನಿಂದ ಉಳ್ಳಾಗಡ್ಡಿ ತಿನ್ನದವಳಿಗೆ ಅದರ ಸಿಪ್ಪೆಯ ವಾಸನೆಯೇ ನೆಂಟರು ಬಂದ ಸುದ್ದಿಯಾಯಿತು.

ಒಂದು ವರ್ಷ ಹೀಗೆ ನಡೆಯಿತು. ಆಮೇಲೆ ಒಂದು ಸಲ ನಾಲ್ಕು ವಾರ ಕಳೆಯಿತು, ಆರಾಯಿತು, ಎಂಟಾಯಿತು. ಕಲ್ಲವ್ವನ ಸುಳಿವಿಲ್ಲ. ಮೈಮರೆತು ಜೋಡಿ ಹೊಲಿಗೆ ಹಾಕಿಬಿಟ್ಟೆನೇ ಎಂದು ಮಾಣಿಕಬಾಯಿ ತನ್ನ ಕೈಯನ್ನೇ ಅನುಮಾನದಿಂದ ನೋಡಿಕೊಂಡಳು. ಒಂಬತ್ತನೆಯ ವಾರ, ಎಂದೂ ಪೇಟೆಗೆ ಹೋಗದವಳು ಸೆರಗು ಹೊದ್ದು ಸಂತೆಗೆ ಹೊರಟಳು.

“ಕಾಯ ಬಾಯಿ, ಆಜ ಇಕಡ?” ಎಂದು ಕಾಯಿಪಲ್ಲೆ ಮಾರುವ ನಾಗೂಬಾಯಿ ಮರಾಠಿಯಲ್ಲಿ ಕೂಗಿ, ಕನ್ನಡಕ್ಕೆ ಹೊರಳಿ, “ಬಾಯಾರು ಪ್ಯಾಟಿಗೆ ಬಂದಾರ! ಇವತ್ತ ಹೊತ್ತು ಎತ್ತಾಗ ಹುಟ್ಟೇತಿ, ಯಾರರ ನೋಡ್ರೆಪಾ!” ಎಂದಳು.

ಅವಳ ಮುಂದೆಯೇ ಕಲ್ಲವ್ವ ಕೂತು ಹೀರೇಕಾಯಿ ಆರಿಸುತ್ತಿದ್ದಳು. ಚೀಲದ ಹಿಡಿಕೆಗೆ ಕರಿಯ ದಾರದ ಜೋಡಿ ಹೊಲಿಗೆ. ಒತ್ತಾಗಿ, ನೇರವಾಗಿ, ಮಾಣಿಕಬಾಯಿಯೇ ಹೊಲಿದ ಹಾಗಿತ್ತು. ವರ್ಷವಿಡೀ ಎದುರಿಗೆ ಕೂತು ನೋಡಿದವಳು ಕಲಿಯದೆ ಏನು ಮಾಡಿಯಾಳು?

“ನಾನ ಹೊಲಕೊಂಡೆನ್ರೀ ಅಕ್ಕಾರ,” ಎಂದಳು ಕಲ್ಲವ್ವ, ಎದ್ದು ಪಕ್ಕಕ್ಕೆ ಬಂದು. “ನಮ್ಮನಿಯವರು ಒಂದ ಸಮನ ಆಡಾಕತ್ತಿದ್ರು. ‘ಆ ಬಾಯಿ ಬೇಕಂತ ಕಚ್ಚಾ ಹೊಲೀತಾಳ, ನೀ ಬ್ಯಾಸತ್ತು ಹೊಸಾದು ತಗೋಳ್ಳಿ ಅಂತ’ ಅಂದ್ರು. ಜಗಳಾನ ಆತು ನೋಡ್ರಿ. ನಮ್ಮಕ್ಕಾರು ಅಂಥಾಕಿ ಅಲ್ಲಂದೆ. ಮತ್ತ ನಿಮ್ಮ ಹೆಸರು ಕೆಡಬಾರ್ದಂತ ನಾನ ಹೊಲದೆ.”

ಸುಮ್ಮನಿದ್ದರೆ ಹೆಸರು ಉಳಿಯುತ್ತಿತ್ತು, ಕಟ್ಟೆ ಖಾಲಿ ಇರುತ್ತಿತ್ತು.

“ನಿನ್ನ ಗಂಡ ಅಂದದ್ದರಾಗ ಅರ್ಧಾ ಖರೆ ಐತಿ,” ಎಂದಳು ಮಾಣಿಕಬಾಯಿ. “ಬೇಕಂತ ಹೊಲದೇನಿ.”

“ಯಾಕ್ರೀ?”

“ಕುಂದ್ರಾಕ.”

“ಯಾರು?”

“ನೀ.”

ಕಲ್ಲವ್ವ ಚೀಲವನ್ನು ಈ ಕೈಯಿಂದ ಆ ಕೈಗೆ ತೆಗೆದುಕೊಂಡಳು. “ಕಾಯಿಪಲ್ಲೆ ಬಾಡತಾವ್ರಿ,” ಎಂದು ಹೊರಟುಹೋದಳು. ಹೀರೇಕಾಯಿ ಅಷ್ಟು ಬೇಗ ಬಾಡುವುದಿಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು.

ಮುಂದಿನ ವಾರ ಅವಳು ಬರಿಗೈಯಲ್ಲಿ ಬಂದಳು. ಬಂದಿದ್ದೇನೆ ನೋಡಿ ಎನ್ನುವ ಹಾಗೆ ಚಾಪೆಯ ಮೇಲೆ ನೆಟ್ಟಗೆ ಕೂತಳು. ಮಳೆಯ ಮಾತಾಯಿತು. ಮಹಾಗಾಂವದಲ್ಲಿ ಕಬ್ಬು ಹೇಗಿದೆ ಎಂಬುದಾಯಿತು. ಸೂಜಿ ಇಲ್ಲದ ಮಾಣಿಕಬಾಯಿಯ ಕೈಗಳು ಮಡಿಲಲ್ಲಿ ಪರರ ಮನೆಯವರಂತೆ ಬಿದ್ದಿದ್ದವು. ಗಳಿಗೆಯೊಳಗೆ ಕಲ್ಲವ್ವ, “ಬರ್ತೇನ್ರಿ” ಎಂದು ಎದ್ದಳು. ಅವಳು ಬಾರದೆ ಇದ್ದ ಒಂಬತ್ತು ವಾರದಲ್ಲೂ ಆ ಕಟ್ಟೆ ಇಷ್ಟು ಬಿಕೋ ಎಂದಿರಲಿಲ್ಲ. ಅಂದು ಮಾಣಿಕಬಾಯಿ ಹೊತ್ತಿದ್ದಾಗಲೇ ಉಂಡು, ತೊಳೆದ ತಾಟನ್ನು ಮತ್ತೊಮ್ಮೆ ತೊಳೆದಳು.

ಎರಡು ವಾರ ಬಿಟ್ಟು ಮತ್ತೆ ದನಿ ಕೇಳಿತು.

“ಅಕ್ಕಾರ, ಏನ್ ಹೊಲಗೀರಿ ನಿಮ್ಮದು! ಮತ್ತ ಹರೀತು.”

ಕಲ್ಲವ್ವ ಚೀಲ ಮುಂದೆ ಹಿಡಿದಳು. ಮಾಣಿಕಬಾಯಿ ಅದನ್ನು ತಿರುವಿ ಸಿಪ್ಪೆ ಜಾಡಿಸಿ, ಹಿಡಿಕೆಯ ತುದಿಯನ್ನು ಬೆಳಕಿಗೆ ಹಿಡಿದಳು. ಭಾರಕ್ಕೆ ಹರಿದ ದಾರದ ತುದಿ ಜುಂಜು ಜುಂಜಾಗಿರುತ್ತದೆ. ಕಲ್ಲವ್ವ ತಾನೇ ಹಾಕಿದ್ದ ಈ ಕರಿಯ ದಾರದ ತುದಿ ಕೊಯ್ದ ಹಾಗೆ ನೇರವಾಗಿತ್ತು.

“ಮೊನ್ನಿ ಚೆನ್ನವ್ವನ ಮನ್ಯಾಗ ಏನಾತು ಗೊತ್ತೇನ್ರಿ?” ಎಂದು ಕಲ್ಲವ್ವ ಕಾಲು ಚಾಚಿದಳು.

“ಹೇಳು ಹೇಳು,” ಎಂದು ಮಾಣಿಕಬಾಯಿ ಸೂಜಿಗೆ ದಾರ ಪೋಣಿಸಿದಳು. ಈ ಸಲ ಜೋಡಿ ಹೊಲಿಗೆಯನ್ನೇ ಹಾಕಿದಳು. ಕಲ್ಲವ್ವನ ಮನೆಯಲ್ಲಿ ಈಳಿಗೆ ಇದ್ದೇ ಇತ್ತು.