ಖಾಲಿ ಕುರ್ಚಿಗಳ ಹಾಜರಿ

ನಾನು ಮೈಕ್ ಸೆಟ್ಟಿನ ಹಾರ್ನ್. ಮದುವೆ ಚಪ್ಪರದ ಕಂಬದಲ್ಲಿ, ಚುನಾವಣೆ ಆಟೋದ ನೆತ್ತಿಯ ಮೇಲೆ ಬಾಯಿ ಅಗಲಿಸಿ ಕೂತವನನ್ನು ನೀವು ನೋಡಿರುತ್ತೀರಿ. ಅಲ್ಯೂಮಿನಿಯಂ ಹಾಳೆಯೊಂದನ್ನು ಯಂತ್ರದಲ್ಲಿ ತಿರುಗಿಸಿ, ಒತ್ತಿ ಒತ್ತಿ ನನಗೆ ಬಾಯಿ ಮಾಡಿದರು. ಹೊಟ್ಟೆ ಮಾಡುವುದನ್ನು ಮರೆತರು. ಹಾಗಾಗಿ ಕೇಳಿದ್ದನ್ನು ಒಳಗಿಟ್ಟುಕೊಳ್ಳುವ ಗುಣ ನನಗಿಲ್ಲ. ಗುಟ್ಟು ಹೇಳಿದರೂ ಊರಿಗೇ ಸಾರಿಬಿಡುತ್ತೇನೆ.

ಬಯಲುಸೀಮೆಯ ಒಂದು ಜಿಲ್ಲಾ ಊರಿನ ಖಾದರಸಾಬ ನನ್ನನ್ನು ಕೊಂಡರು. ಬಲು ಒಳ್ಳೆಯ ಮನುಷ್ಯ, ಆದರೆ ಮೈಕಿನವರಿಗೆಲ್ಲ ಇರುವ ಒಂದು ಚಟ ಅವರಿಗೂ ಇತ್ತು. ದನಿ ಸಣ್ಣಗೆ ಬಂದರೆ ಮಾನ ಹೋದಂತೆ. "ಹಲೋ, ಹಲೋ" ಅಂದವರೇ ಗುಂಡಿಯನ್ನು ಕೊನೆ ಮುಟ್ಟುವವರೆಗೆ ತಿರುವುತ್ತಿದ್ದರು.

ನನ್ನ ಬಾಯಿಂದ ಹೋದ ದನಿಗಳಲ್ಲಿ ನನಗೆ ಹಿಡಿಸಿದ್ದು ನೀಲಾಂಬಿಕಾ ಅಕ್ಕೋರದ್ದು. ಅವರು ಹೆಣ್ಣುಮಕ್ಕಳ ಶಾಲೆಯ ಡ್ರಿಲ್ ಟೀಚರ್. ಆಟೋಟದ ದಿನ ಮೈದಾನದಲ್ಲಿ ನಿಂತು ಮೊದಲು ಹಾಜರಿ ಕರೆಯುವರು. "ಹಾಜರ್ರೀ" ಅಂದ ಹುಡುಗಿಯ ಮುಖ ನೋಡದೆ ಮುಂದಿನ ಹೆಸರಿಗೆ ಹೋಗುತ್ತಿರಲಿಲ್ಲ. ಆ ಕಂಠಕ್ಕೆ ನಾನು ಬೇಕೇ ಇರಲಿಲ್ಲ ಬಿಡಿ, ಸುಮ್ಮನೆ ಶೋಭೆಗೆ ಇದ್ದೆ.

ಒಂದು ವರ್ಷ ಮೈದಾನಕ್ಕೆ ಬೇರೆ ಟೀಚರ್ ಬಂದರು. ಅಕ್ಕೋರಿಗೆ ಜ್ವರವಂತೆ ಎಂದರು. ಜ್ವರವೇನೋ ಹೋಯಿತು, ಹೋಗುವಾಗ ಅವರ ಕಸುವನ್ನೆಲ್ಲ ಗಂಟು ಕಟ್ಟಿಕೊಂಡು ಹೋಯಿತು. ವೈದ್ಯರು ವ್ಯಾಯಾಮ ಮಾಡಿ ಎಂದರು. ಡ್ರಿಲ್ ಟೀಚರಿಗೆ ವ್ಯಾಯಾಮ ಹೇಳಿಕೊಡಬೇಕೇ? ಮಾಡಿದರು. ಮಾಡಿದಷ್ಟೂ ಕುಸಿದರು, ಕಡೆಗೆ ಹಾಸಿಗೆಯೇ ಗತಿಯಾಯಿತು.

ಇದು ನನಗೆ ತಿಳಿದದ್ದು ಚುನಾವಣೆಯ ಸಮಯದಲ್ಲಿ. ಆಟೋದ ಮೇಲೆ ಕೂತು ಓಣಿಯೊಂದರಲ್ಲಿ ಒದರುತ್ತಿದ್ದೆ. ಒಂದು ಮನೆಯ ಕಿಟಕಿಗೆ ಹಾಡಹಗಲೇ ಕಂಬಳಿ ಹೊಚ್ಚಿತ್ತು. ಒಳಗಿಂದ ಅಕ್ಕೋರ ತಾಯಿ ಗಂಗವ್ವ ಬರಿಗಾಲಲ್ಲಿ ಓಡಿಬಂದರು.

"ಖಾದರಣ್ಣಾ, ನಿನ್ನ ಕಾಲಿಗೆ ಬೀಳ್ತೀನಿ, ಬಂದ್ ಮಾಡೋ! ಈ ಮೈಕು ಒದರಿದ್ರ ನನ್ನ ಮಗಳು ವಾರಗಟ್ಲೆ ಕಣ್ಣು ತೆರೆಯಂಗಿಲ್ಲ."

ಖಾದರಸಾಬ ತಟ್ಟನೆ ಆರಿಸಿದರು. ಹಿಂದಿನ ಜೀಪಿನಲ್ಲಿದ್ದ ಅಭ್ಯರ್ಥಿ ಶಿವಪುತ್ರಪ್ಪ ನಕ್ಕರು. "ರಕ್ತ ಪರೀಕ್ಷಿ ಎಲ್ಲಾ ಸರಿ ಬಂದಾವಂತ. ಮತ್ಯಾತರ ಬ್ಯಾನಿ ಬೇ? ಮೈಗಳ್ಳತನ." ಅವರು ಗೆದ್ದು ಶಾಸಕರಾದರು.

ಆ ಮಾತು ಕಂಬಳಿ ದಾಟಿ ಒಳಗೆ ಹೋಗಿತ್ತು. ಅಕ್ಕೋರು ಮಲಗಿದಲ್ಲೇ ಫೋನಿನಲ್ಲಿ ತಮ್ಮಂಥವರನ್ನು ಹುಡುಕಿದರು. ಸುತ್ತಲ ಊರುಗಳ ಕತ್ತಲ ಕೋಣೆಗಳಿಂದ ಒಬ್ಬೊಬ್ಬರೇ ಉತ್ತರಿಸಿದರು. ಅವರ ಕಾಯಿಲೆಗೆ ಕ್ರಾನಿಕ್ ಫಟೀಗ್ ಸಿಂಡ್ರೋಮ್, ಅಂದರೆ ಬಿಡದೆ ಕಾಡುವ ದಣಿವಿನ ರೋಗ, ಎಂಬ ಹೆಸರೇನೋ ಇತ್ತು, ಔಷಧಿಯ ಮಾತಿರಲಿ, ನಂಬುವವರೇ ಇರಲಿಲ್ಲ. ಅವರು ಕೇಳಿದ್ದು ಇಷ್ಟೇ: ಜಿಲ್ಲಾ ಆಸ್ಪತ್ರೆಯಲ್ಲಿ ವಾರಕ್ಕೊಮ್ಮೆ ಒಬ್ಬ ವೈದ್ಯರು, ಸದ್ದಿಲ್ಲದ ಒಂದು ಕೋಣೆ, "ನಿಮಗೇನೂ ಆಗಿಲ್ಲ" ಎಂದು ಯಾರೂ ಅಟ್ಟಬಾರದು.

ಹೀಗೆ ಒಂದು ಮುಂಜಾನೆ ಜಿಲ್ಲಾಧಿಕಾರಿ ಕಚೇರಿಯ ಮುಂದೆ ಧರಣಿಗೆ ನನ್ನನ್ನು ಕಟ್ಟಿದರು. ಶಾಮಿಯಾನದ ಕೆಳಗೆ ಸಾಲು ಸಾಲು ಕುರ್ಚಿ, ಒಂದರಲ್ಲೂ ಜನರಿಲ್ಲ. ಪ್ರತಿ ಕುರ್ಚಿಯ ಮುಂದೆ ಒಂದು ಜೊತೆ ಚಪ್ಪಲಿ. ನಮ್ಮ ಕಡೆ ಬಾಗಿಲಲ್ಲಿ ಚಪ್ಪಲಿ ಇದ್ದರೆ ಒಳಗೆ ಜನ ಇದ್ದಾರೆ ಎಂದು ಲೆಕ್ಕ. ರೋಗಿಗಳ ಮನೆಯವರು ತಂದಿಟ್ಟ ಆ ಚಪ್ಪಲಿಗಳ ಅಟ್ಟೆ ಸವೆದೇ ಇರಲಿಲ್ಲ. ನನಗೆ ಯಾಕೋ ಭಯವಾಯಿತು.

ಗಂಗವ್ವ ಮಗಳ ಫೋನನ್ನು ಕೊಟ್ಟರು. ರೋಗಿಗಳೆಲ್ಲ ಹಿಂದಿನ ದಿನ ಮಲಗಿದಲ್ಲಿಂದಲೇ ಒಂದೇ ಕರೆಯಲ್ಲಿ ಸೇರಿದಾಗ ಅಕ್ಕೋರು ಮುದ್ರಿಸಿಟ್ಟ ದನಿ ಅದರಲ್ಲಿತ್ತು. ಖಾದರಸಾಬ ತಂತಿ ಸೇರಿಸಿದರು. ಏನೂ ಕೇಳಲಿಲ್ಲ. ಸೆಟ್ಟು ಕೈಕೊಟ್ಟಿತೆಂದು ಹಳೆಯ ಚಟದಂತೆ ಗುಂಡಿಯನ್ನು ಕೊನೆಯವರೆಗೆ ತಿರುವಿಬಿಟ್ಟರು. ಸೆಟ್ಟು ಕೆಟ್ಟಿರಲಿಲ್ಲ. ಅಕ್ಕೋರು ಮಾತಾಡುವ ಮೊದಲು ಉಸಿರು ಕೂಡಿಸಿಕೊಳ್ಳುತ್ತಿದ್ದರು.

ಆ ಉಸಿರು ನನ್ನ ಬಾಯಿಂದ ಹೊರಬಿತ್ತು. ಎಳೆದು, ನಿಂತು, ಮತ್ತೆ ಎಳೆಯುವ ಉಸಿರು. ಪಾರಿವಾಳಗಳು ಪುರ್ರೆಂದು ಹಾರಿದವು. ಗೇಟಿನ ಪೊಲೀಸಿನವನು ಹಿಂದೆ ಯಾರೋ ನಿಂತಿದ್ದಾರೆಂದು ತಿರುಗಿ ನೋಡಿದ. ಕಚೇರಿಯವರು ಕಿಟಕಿಗೆ ಬಂದರು. ಇಡೀ ಅಂಗಳವೇ ಕಾಣದ ಯಾರದೋ ಎದೆಯೊಳಗೆ ಸಿಕ್ಕಿಬಿದ್ದಂತಿತ್ತು.

ಆಗಲೇ ಶಾಸಕ ಶಿವಪುತ್ರಪ್ಪ ಸಭೆಗೆಂದು ಬಂದವರು ಕಾರಿನಿಂದ ಇಳಿದರು. ಧರಣಿ ಕಂಡಲ್ಲಿ ಎರಡು ಮಾತಾಡಿ, ಮುಖಂಡರ ಕೈಯಿಂದ ಮನವಿ ತೆಗೆದುಕೊಂಡು ಹೋಗುವುದು ಅವರ ರೂಢಿ.

"ಮುಖಂಡರು ಯಾರ್ರಿ? ಮುಂದ ಬರ್ರಿ," ಎಂದರು.

ಉತ್ತರ ಬಂದದ್ದು ನನ್ನಿಂದ. ಅಕ್ಕೋರ ದನಿ ಒಣ ಎಲೆಯಂತಾಗಿತ್ತು. "ಹಾಜರಿ ಕರಿತೀನಿ. ಶಾರವ್ವ."

"ಹಾಜರ್ರೀ," ಎಂದಿತು ಒಂದು ಪಿಸುದನಿ.

"ಫಾತಿಮಾ." "ಹಾಜರ್ರೀ."

ಪ್ರತಿ ಹೆಸರಿಗೂ ಶಾಸಕರ ಕಣ್ಣು ಒಂದೊಂದು ಕುರ್ಚಿಗೆ ಹೋಗಿ ಚಪ್ಪಲಿಯ ಮೇಲೆ ನಿಲ್ಲುತ್ತಿತ್ತು. "ಮಲ್ಲೇಶ," ಎಂದಾಗ ಉತ್ತರವಿಲ್ಲ. ಅಕ್ಕೋರು ಮುಂದಕ್ಕೆ ಹೋಗಲಿಲ್ಲ. ಕಾದರು. ಎಲ್ಲರೂ ಕಾದೆವು. ಬಹಳ ಹೊತ್ತಿನ ಮೇಲೆ ಒಂದು ನರಳಿಕೆ, ಅದರ ಬೆನ್ನಿಗೆ "ಹಾಜರ್" ಬಂತು.

ಶಾಸಕರು ಮೈಕು ಹಿಡಿದರು, ಮತ್ತೆ ಕೆಳಗಿಟ್ಟರು. ಭಾಷಣಕ್ಕೆ ಎದುರಿಗೊಂದು ಮುಖ ಬೇಕಲ್ಲ! ಮನವಿ ಕೊಡುವ ಕೈಯೂ ಇರಲಿಲ್ಲ. ಅದು ಮುಂದಿನ ಕುರ್ಚಿಯ ಕೆಳಗೆ, ಅಕ್ಕೋರ ಚಪ್ಪಲಿಗಳ ನಡುವೆ ಇತ್ತು. ಶಾಸಕರೇ ಬಗ್ಗಿದರು, ಎತ್ತಿಕೊಂಡರು. ಮೇಲೆದ್ದವರೇ ಅದನ್ನು ಹಿಡಿದು ಜಿಲ್ಲಾಧಿಕಾರಿಯ ಕಚೇರಿಯೊಳಗೆ ನಡೆದರು.

ಆಸ್ಪತ್ರೆಯಲ್ಲಿ ಈಗ ಗುರುವಾರ ಆ ಕೋಣೆಯ ಬಾಗಿಲು ತೆರೆಯುತ್ತದೆ. ಒಳಗಿನ ವೈದ್ಯೆ ಮೆಲ್ಲಗೆ ಮಾತಾಡುತ್ತಾರೆ, ವಿಶ್ರಾಂತಿಯನ್ನೇ ಮೊದಲ ಔಷಧಿ ಎನ್ನುತ್ತಾರೆ. ಮಲ್ಲೇಶ ದಿಂಬಿಗೊರಗಿ ಕೂರುವಷ್ಟಾಗಿದ್ದಾನಂತೆ. ಆದರೆ ಹಾಜರಿ ಕರೆದ ದಣಿವಿನಿಂದ ಅಕ್ಕೋರು ಚೇತರಿಸಿಕೊಳ್ಳಲಿಲ್ಲ. ಆ ಧ್ವನಿಮುದ್ರಣ ಮಾಡಿದ ನಂತರ ಅವರ ದನಿ ಮರಳಿ ಬಂದಿಲ್ಲ.

ಈಚೆಗೆ ಊರಿಗೆಲ್ಲ ಡಬ್ಬಿ ಸ್ಪೀಕರು ಬಂದವು. ನನ್ನನ್ನು ಗುಜರಿಗೆ ಹಾಕುವ ದಿನ ಗಂಗವ್ವ ಬಂದು, "ಕೊಡೋ ಅಣ್ಣಾ, ನನ್ನ ಮಗಳ ದನಿ ಇದರಾಗ ಉಳದೈತಿ," ಎಂದರು. ಖಾದರಸಾಬ ಒರೆಸಿ ಕೊಟ್ಟರು.

ಹೊಟ್ಟೆಯಿಲ್ಲದವನಲ್ಲಿ ದನಿ ಎಲ್ಲಿಂದ ಉಳಿದೀತು? ಅದನ್ನು ಹೇಳಲು ನನಗೀಗ ತಂತಿಯಿಲ್ಲ. ಹಿಂದೆ ನಾನೇ ಒದರಿ ನೋಯಿಸಿದ ಮನೆಯ ಕತ್ತಲ ಕೋಣೆಯಲ್ಲಿ, ಅಕ್ಕೋರ ಹಾಸಿಗೆಯತ್ತ ಬಾಯಿ ತಿರುಗಿಸಿ ಕೂತಿದ್ದೇನೆ. ದಿನಾ ಬೆಳಗ್ಗೆ ಗಂಗವ್ವ ಬಂದು ನನ್ನ ಹಿಂದಿನ ಸಣ್ಣ ತೂತಿಗೆ ಕಿವಿ ಹಚ್ಚುತ್ತಾರೆ. ಹಾಸಿಗೆಯಿಂದ ಬರುವ ಉಸಿರನ್ನು ನಾನು ಒಂದಿಷ್ಟೂ ಚೆಲ್ಲದೆ ಕೂಡಿಸಿ ಆ ಕಿವಿಗೆ ಮುಟ್ಟಿಸುತ್ತೇನೆ. ತಾಯಿ ಕಣ್ಣು ಮುಚ್ಚಿ ಕಾಯುತ್ತಾರೆ, ಅದು ಬಂದ ಮೇಲೆ ಮೆಲ್ಲಗೆ ಹೇಳುತ್ತಾರೆ.

"ಹಾಜರ್ ಅದಾಳ."